ಕಾದಂಬರಿ ಓದದವರಿಗೆ ಕಾದಂಬರಿಯ ಸಿನಿಮಾ

ಸಾಹಿತ್ಯಕೃತಿಯೊಂದು ಕನ್ನಡದಲ್ಲಿ ಸಿನಿಮಾ ಆದಾಗಲೆಲ್ಲ, ಅದು ಮೂಲಕ್ಕೆ ನಿಷ್ಠವಾಗಿದೆಯೇ ಎಂಬ ಪ್ರಶ್ನೆ ಮೊದಲು ಏಳುತ್ತದೆ. ಒಂದು ಕಾಲದಲ್ಲಿ ಈ ಪ್ರಶ್ನೆಗೆ ಬಲವಾದ ಆಧಾರವಿತ್ತು. 1960ರ ದಶಕದ ಉತ್ತರಾರ್ಧದಿಂದ ಹತ್ತು ಹದಿನೈದು ವರ್ಷಗಳ ಕಾಲ, ವಾರಪತ್ರಿಕೆಗಳ ಧಾರಾವಾಹಿಗಳಿಗಾಗಿ ಕಾಯುತ್ತಿದ್ದವರು, ಸರ್ಕ್ಯುಲೇಟಿಂಗ್ ಲೈಬ್ರರಿಗಳಿಂದ ಕಾದಂಬರಿಗಳನ್ನು ಎರವಲು ತಂದು ಓದುತ್ತಿದ್ದವರು ಬಹುಮಟ್ಟಿಗೆ ಅವೇ ಕಾದಂಬರಿಗಳ ಚಿತ್ರಗಳಿಗೂ ಟಿಕೆಟ್ ಕೊಳ್ಳುತ್ತಿದ್ದರು. ಪುಟ್ಟಣ್ಣ ಕಣಗಾಲ್ ಅವರು ತ್ರಿವೇಣಿಯವರ ‘ಬೆಳ್ಳಿಮೋಡ’ (1967) ಮತ್ತು ‘ಶರಪಂಜರ’ (1971), ಎಂ.ಕೆ. ಇಂದಿರಾ ಅವರ ‘ಗೆಜ್ಜೆಪೂಜೆ’ (1969) ಕಾದಂಬರಿಗಳನ್ನು ತೆರೆಗೆ ತಂದಾಗ ಆ ಓದುಗ ಸಮುದಾಯ, ಅದರಲ್ಲೂ ಓದುವ ಹೆಂಗಸರ ದೊಡ್ಡ ವರ್ಗ, ಚಿತ್ರಮಂದಿರಕ್ಕೆ ಬರುವ ಮುಂಚೆಯೇ ಕಥೆಯನ್ನು ತನ್ನದಾಗಿಸಿಕೊಂಡಿತ್ತು. ಹಾಗಾಗಿ ಹೋಲಿಸಿ ತೀರ್ಪು ಕೊಡುವ ಅಧಿಕಾರವೂ ಅದಕ್ಕಿತ್ತು.

ಈ ಅಧಿಕಾರದ ಅತ್ಯಂತ ಪ್ರಸಿದ್ಧ ಪ್ರಯೋಗ ನಡೆದದ್ದು ‘ನಾಗರಹಾವು’ (1972) ಚಿತ್ರದ ಸಂದರ್ಭದಲ್ಲಿ. ತ.ರಾ. ಸುಬ್ಬರಾಯರ ‘ನಾಗರಹಾವು’, ‘ಒಂದು ಗಂಡು ಎರಡು ಹೆಣ್ಣು’ ಮತ್ತು ‘ಸರ್ಪಮತ್ಸರ’ ಎಂಬ ಮೂರು ಕಾದಂಬರಿಗಳನ್ನು ಪುಟ್ಟಣ್ಣ ಒಂದೇ ಚಿತ್ರಕಥೆಯಾಗಿ ಹೆಣೆದರು. ಚಿತ್ರ ಭಾರಿ ಯಶಸ್ಸು ಕಂಡರೂ ಲೇಖಕರಿಗೆ ತಮ್ಮ ಕಥಾನಾಯಕ ರಾಮಾಚಾರಿ ತೆರೆಯ ಮೇಲೆ ಕಾಣಿಸಲಿಲ್ಲ, ಆ ಅಸಮಾಧಾನವನ್ನು ಅವರು ಮುಚ್ಚಿಡಲೂ ಇಲ್ಲ. ಅದೇ ಕಥೆಯ ಚಾಮಯ್ಯ ಮೇಷ್ಟ್ರನ್ನು ಇಂದಿಗೂ ನೆನೆಯುವ ಬಹುಪಾಲು ಜನರ ಮನಸ್ಸಿನಲ್ಲಿರುವುದು ಆ ಪಾತ್ರ ವಹಿಸಿದ ನಟ ಅಶ್ವತ್ಥರ ಮುಖವೇ ಹೊರತು ಕಾದಂಬರಿಯ ಪುಟವಲ್ಲ ಎಂಬುದನ್ನು ಗಮನಿಸಿದರೆ, ಈ ಜಗಳದಲ್ಲಿ ಕೊನೆಗೆ ಗೆದ್ದವರು ಯಾರೆಂದು ಬಿಡಿಸಿ ಹೇಳಬೇಕಾಗಿಲ್ಲ.

ರೂಪಾಂತರ, ಅಂದರೆ ಒಂದು ಮಾಧ್ಯಮದ ಕೃತಿಯನ್ನು ಇನ್ನೊಂದು ಮಾಧ್ಯಮದಲ್ಲಿ ಹೊಸದಾಗಿ ಕಟ್ಟುವ ಕೆಲಸ, ಘಟನೆಗಳನ್ನು ಉಳಿಸುವುದು ಬಿಡುವುದಕ್ಕಿಂತ ಹೆಚ್ಚಾಗಿ ಕಥೆಯನ್ನು ಯಾರ ಕಣ್ಣಿನಿಂದ ನೋಡಬೇಕು ಎಂಬ ನಿರ್ಧಾರವನ್ನು ಅವಲಂಬಿಸಿರುತ್ತದೆ. ಯು.ಆರ್. ಅನಂತಮೂರ್ತಿಯವರ ‘ಘಟಶ್ರಾದ್ಧ’ ಕಥೆಯನ್ನು ಹೇಳುವವನು ವೇದಪಾಠಕ್ಕೆ ಬಂದ ಪುಟ್ಟ ಹುಡುಗ. ಗಿರೀಶ ಕಾಸರವಳ್ಳಿಯವರು 1977ರ ಚಿತ್ರದಲ್ಲಿ ಆ ಹುಡುಗನ ದೃಷ್ಟಿಯನ್ನೇ ಕ್ಯಾಮೆರಾಕ್ಕೆ ಕೊಟ್ಟದ್ದರಿಂದ, ವಿಧವೆ ಯಮುನೆಯ ಮೇಲೆ ಅಗ್ರಹಾರ ನಡೆಸುವ ಕ್ರೌರ್ಯವು ಪೂರ್ತಿ ಅರ್ಥವಾಗದ ಭಯವಾಗಿ ಪ್ರೇಕ್ಷಕನನ್ನು ತಟ್ಟುತ್ತದೆ. ಅದೇ ನಿರ್ದೇಶಕರು ವೈದೇಹಿಯವರ ‘ಗುಲಾಬಿ ಟಾಕೀಸು’ ಕಥೆಯನ್ನು 2008ರಲ್ಲಿ ಎತ್ತಿಕೊಂಡಾಗ ಬೇರೆಯದೇ ದಾರಿ ಹಿಡಿದರು. ಸಣ್ಣ ಊರಿಗೆ ಸಿನಿಮಾ ಟಾಕೀಸು ಬಂದಾಗ ಹೆಂಗಸರ ಲೋಕದಲ್ಲಿ ಏಳುವ ಸಂಚಲನ ಮೂಲ ಕಥೆಯ ವಸ್ತು. ಚಿತ್ರದಲ್ಲಿ ಟಾಕೀಸಿನ ಜಾಗಕ್ಕೆ ಡಿಶ್ ಆಂಟೆನಾದ ಟಿವಿ ಬರುತ್ತದೆ, ಸೂಲಗಿತ್ತಿ ಮುಸ್ಲಿಂ ಹೆಂಗಸಾಗುತ್ತಾಳೆ, ಕಾಲ ಕಾರ್ಗಿಲ್ ಯುದ್ಧದ ಆಸುಪಾಸಿಗೆ ಸರಿಯುತ್ತದೆ, ಕರಾವಳಿಯ ಮೀನುಗಾರಿಕೆಯ ಪೈಪೋಟಿ ಕೋಮು ವೈಮನಸ್ಯದ ಬಣ್ಣ ಪಡೆಯುತ್ತದೆ. ನಿಷ್ಠೆಯ ಅಳತೆಗೋಲು ಹಿಡಿದವರಿಗೆ ಇದು ದ್ರೋಹವಾಗಿಯೇ ಕಾಣಬೇಕು. ಆದರೆ ಹೊರಜಗತ್ತಿನ ಚಿತ್ರಗಳು ಊರೊಳಗೆ ನುಗ್ಗಿದಾಗ ಹೆಣ್ಣಿನ ಬದುಕಿನಲ್ಲಿ ಏನು ತೆರೆಯುತ್ತದೆ, ಏನು ಮುಚ್ಚುತ್ತದೆ ಎಂಬ ಕಥೆಯ ತಿರುಳು ಇಷ್ಟೆಲ್ಲ ಬದಲಾವಣೆಗಳ ನಡುವೆಯೂ ಉಳಿದಿದೆ, ಉಮಾಶ್ರೀಯವರ ಅಭಿನಯದಲ್ಲಿ ಇನ್ನಷ್ಟು ಮೊನಚಾಗಿದೆ. ಕನ್ನಡದ ರೂಪಾಂತರಗಳಲ್ಲಿ ಇಷ್ಟು ಧೈರ್ಯದ ಉದಾಹರಣೆಗಳು ಕಡಿಮೆ.

ಈ ಧೈರ್ಯ ಇಂದು ಅನಿವಾರ್ಯವಾಗುತ್ತಿರುವುದಕ್ಕೆ ಕಾರಣವನ್ನು ಹೆಬ್ಬಗೋಡಿಯಂತಹ ಊರುಗಳಲ್ಲಿ ಹುಡುಕಬೇಕು. ಆನೇಕಲ್ ತಾಲ್ಲೂಕಿನ ಈ ಊರು ಎಲೆಕ್ಟ್ರಾನಿಕ್ ಸಿಟಿಗೂ ಬೊಮ್ಮಸಂದ್ರದ ಕೈಗಾರಿಕಾ ಪ್ರದೇಶಕ್ಕೂ ನಡುವೆ, ಹೊಸೂರು ರಸ್ತೆಯ ಅಂಚಿನಲ್ಲಿ ಬೆಳೆದು ನಗರಸಭೆಯಾಗಿದೆ, 2025ರ ಆಗಸ್ಟ್‌ನಿಂದ ಹಳದಿ ಮೆಟ್ರೊ ಮಾರ್ಗವನ್ನೂ ಪಡೆದಿದೆ. ಇಲ್ಲಿನ ಪಿ.ಜಿ.ಗಳಲ್ಲೂ ವಠಾರಗಳಲ್ಲೂ ಶಿಫ್ಟ್ ಮುಗಿಸಿ ಬರುವವರಲ್ಲಿ ಕನ್ನಡಿಗರ ಜೊತೆಗೆ ತಮಿಳು, ತೆಲುಗು, ಹಿಂದಿ, ಒಡಿಯಾ ಮಾತನಾಡುವವರಿದ್ದಾರೆ. ಕನ್ನಡಿಗರೇ ಆದರೂ ಒಂದೇ ಕಾದಂಬರಿಯನ್ನು ಎಲ್ಲರೂ ಓದಿರುವ ಸಂಭವ ಕಡಿಮೆ. ಇದರಿಂದ ರೂಪಾಂತರಕ್ಕೆ ಕಾಲ ಮುಗಿಯಿತೆಂದು ತಿಳಿಯಬೇಕಿಲ್ಲ. ಇದೇ ಪ್ರೇಕ್ಷಕರು ಅಮೆರಿಕದ ಮಾರ್ವೆಲ್ ಕಾಮಿಕ್ಸ್ ಆಧರಿಸಿದ ಚಿತ್ರಗಳನ್ನು ಆ ಕಾಮಿಕ್ಸಿನ ಒಂದು ಸಂಚಿಕೆಯನ್ನೂ ಮುಟ್ಟದೆ ಆನಂದಿಸುತ್ತಾರೆ, ಏಕೆಂದರೆ ಆ ಚಿತ್ರಗಳು ಓದಿನ ನೆನಪನ್ನು ನೆಚ್ಚಿಕೊಳ್ಳದೆ ತಮ್ಮ ಲೋಕವನ್ನು ತಾವೇ ಪರಿಚಯಿಸಿಕೊಳ್ಳುತ್ತವೆ.

ಓದುಗ ಸಮುದಾಯ ಪೂರ್ತಿ ಕರಗಿಲ್ಲ ಎಂಬುದೂ ನಿಜ. ಪೂರ್ಣಚಂದ್ರ ತೇಜಸ್ವಿಯವರ ಸಣ್ಣಕಥೆ ಆಧರಿಸಿ ಶಶಾಂಕ್ ಸೋಗಾಲ್ ನಿರ್ದೇಶಿಸಿದ ‘ಡೇರ್‌ಡೆವಿಲ್ ಮುಸ್ತಾಫಾ’ (2023) ಚಿತ್ರಕ್ಕೆ ತೇಜಸ್ವಿಯವರ ಓದುಗರೇ ಹಣ ಹಾಕಿದರು. ‘ನಾಗರಹಾವು’ ಮೂರು ಕಾದಂಬರಿಗಳನ್ನು ಕುಗ್ಗಿಸಿದರೆ, ಇದು ಕೆಲವೇ ಪುಟಗಳ ಕಥೆಯನ್ನು ಪೂರ್ಣ ಪ್ರಮಾಣದ ಚಿತ್ರವಾಗಿ ಹಿಗ್ಗಿಸಿತು. ಹಿಂದೂ ಹುಡುಗರೇ ತುಂಬಿದ ತರಗತಿಗೆ ಬಂದ ಮುಸ್ಲಿಂ ಹುಡುಗನ ಕಥೆ ತೇಜಸ್ವಿ ಹೆಸರೇ ಕೇಳದವರಿಗೂ ದಕ್ಕುವಂತಾಯಿತು.

ಕಾನೂನೂ ಈಗ ಒಂದು ಬಾಗಿಲು ತೆರೆದಿದೆ. 1957ರ ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ ಲೇಖಕರು ತೀರಿಕೊಂಡ ಮರುವರ್ಷದಿಂದ ಅರವತ್ತು ವರ್ಷಗಳವರೆಗೆ ಅವರ ಕೃತಿಗಳ ಹಕ್ಕು ವಾರಸುದಾರರಲ್ಲಿ ಅಥವಾ ಹಕ್ಕು ಪಡೆದವರಲ್ಲಿ ಉಳಿಯುತ್ತದೆ, ಆಮೇಲೆ ಕೃತಿ ಸಾರ್ವಜನಿಕ ಸ್ವತ್ತಾಗುತ್ತದೆ, ಅಂದರೆ ಯಾರ ಅನುಮತಿಯೂ ಇಲ್ಲದೆ ಬಳಸಬಹುದಾದ ಆಸ್ತಿಯಾಗುತ್ತದೆ. ತ್ರಿವೇಣಿ ನಿಧನರಾದದ್ದು 1963ರಲ್ಲಿ; ಅವರು ಬದುಕಿದ್ದಾಗ ಪ್ರಕಟವಾದ ಕೃತಿಗಳು 2024ರ ಜನವರಿಯಿಂದ ಮುಕ್ತವಾಗಿವೆ. ‘ಬೆಳ್ಳಿಮೋಡ’ದ ಇಂದಿರೆಯನ್ನು ಮದುವೆಯಾಗಬೇಕಿದ್ದವನು, ಅವಳಿಗೆ ತಮ್ಮ ಹುಟ್ಟಿ ಆಸ್ತಿ ಕೈತಪ್ಪಿದ ಕೂಡಲೇ ಹಿಂದೆ ಸರಿಯುತ್ತಾನೆ, ಮುಂದೊಂದು ದಿನ ಅವನೇ ಬಂದು ಕೇಳಿದಾಗ ಅವಳು ಒಲ್ಲೆನ್ನುತ್ತಾಳೆ. ಆ ಆಸ್ತಿಯಾದ ಕಾಫಿ ಎಸ್ಟೇಟಿನ ಜಾಗದಲ್ಲಿ ಹೊಸೂರು ರಸ್ತೆಯ ಪಕ್ಕದ ಒಂದೆರಡು ಸೈಟುಗಳನ್ನು ಇಟ್ಟರೆ ಈ ಕಥೆಯ ಒಂದು ಗಂಟೂ ಸಡಿಲವಾಗದು. ಹಾಗೆ ಮಾಡಹೊರಟವರು ಹಳೆಯ ಚಿತ್ರದ ಸಂಭಾಷಣೆಯನ್ನೂ ದೃಶ್ಯಗಳನ್ನೂ ಮುಟ್ಟದೆ ನೇರವಾಗಿ ಪುಸ್ತಕಕ್ಕೇ ಹೋಗಬೇಕಾಗುತ್ತದೆ, ಏಕೆಂದರೆ ಚಲನಚಿತ್ರದ ಹಕ್ಕಿನ ಅವಧಿಯನ್ನು ಬಿಡುಗಡೆಯಾದ ವರ್ಷದಿಂದ ಲೆಕ್ಕ ಹಾಕಲಾಗುತ್ತದೆ, ಪುಟ್ಟಣ್ಣನವರ ‘ಬೆಳ್ಳಿಮೋಡ’ಕ್ಕೆ ಅದು 2027ರ ಕೊನೆಯವರೆಗೂ ಇದೆ.