ನಡುಗಡ್ಡೆ ಮಳೆಗಾಲಕ್ಕೆ, ಮೊಸಳೆ ವರ್ಷವಿಡೀ

ಮಹಾಬಳೇಶ್ವರ, ಕೊಲ್ಹಾಪುರದ ಕಡೆ ಮಳೆ ಜೋರಾದರೆ ಸಾಕು, ಇಲ್ಲಿ ಹನಿ ಬೀಳದಿದ್ದರೂ ಕಲ್ಲೋಳ-ಯಡೂರ, ಮಲಿಕವಾಡ-ದತ್ತವಾಡ ಸೇತುವೆ ಮುಳುಗುತ್ತವೆ. ‘ತೋಟದ ವಸತಿಗಳು ನಡುಗಡ್ಡೆ’ ಎಂದು ನಾವು ವರದಿಗಾರರು ಹೋದ ವರ್ಷದ ಸುದ್ದಿಯನ್ನೇ ಮತ್ತೆ ಕಳಿಸುತ್ತೇವೆ. (2019ರ ಆಗಸ್ಟ್ ಮಾತ್ರ ಬೇರೆ, ಆಗ ಊರಿಗೆ ಊರೇ ಮುಳುಗಿತ್ತು.) ನೀರು ಇಳಿದ ಮೇಲೆ ಇನ್ನೊಂದು ಸುದ್ದಿ: ‘ಕಬ್ಬಿನ ಗದ್ದೆಯಲ್ಲಿ ಮೊಸಳೆ, ಜನರಲ್ಲಿ ಆತಂಕ’.

ಆತಂಕ ಸುಳ್ಳಲ್ಲ. ಎಮ್ಮೆ ಮೈ ತೊಳೆಯಲು, ಪಂಪ್‌ಸೆಟ್ ನೋಡಲು ಹೊಳೆಗೆ ಇಳಿಯುವವರನ್ನು ಕೇಳಿ. ಆದರೆ ಮೊಸಳೆ ಎಲ್ಲಿಂದಲೋ ತೇಲಿ ಬಂದದ್ದಲ್ಲ. ಕೃಷ್ಣೆಯ ದಂಡೆಯಲ್ಲೇ ಬಿಲ ತೋಡಿಕೊಂಡಿರುತ್ತದೆ. ಬೇಸಿಗೆಯಲ್ಲಿ ಅಲ್ಲೇ ಗುಂಡಿ ತೆಗೆದು ಮೊಟ್ಟೆ ಇಡುತ್ತದೆ, ಮಳೆಗಾಲದ ಹೊತ್ತಿಗೆ ಮರಿಗಳು ಹೊರಬರುತ್ತವೆ. ಆ ದಂಡೆಯ ಉಸುಕು ಟ್ರ್ಯಾಕ್ಟರ್ ಏರಿ ಹೋಯಿತು. ಉಳಿದ ಜಾಗದಲ್ಲಿ ಕಬ್ಬು ನೀರಿನ ಅಂಚಿಗೇ ಬಂದಿದೆ. ಹೊಳೆ ಉಕ್ಕಿದಾಗ ಮೊಸಳೆ ಕಬ್ಬಿಗಲ್ಲದೆ ಎಲ್ಲಿಗೆ ಹೋಗಬೇಕು?

ಮೊಸಳೆ 1972ರ ವನ್ಯಜೀವಿ ಕಾಯ್ದೆಯ ಮೊದಲ ಪಟ್ಟಿಯಲ್ಲಿದೆ. ಹಿಡಿದು ಬೇರೆ ಕಡೆ ಬಿಡುವುದಷ್ಟೇ ರಕ್ಷಣೆಯಲ್ಲ. ಉಸುಕು ಎತ್ತುವುದು ನಿಲ್ಲಲಿ. ಜುಗೂಳದಿಂದ ಕುಡಚಿಯವರೆಗೆ ದಂಡೆಗುಂಟ ಒಂದು ಪಟ್ಟಿ ಹುಲ್ಲು, ಜಾಲಿಗೆ ಬಿಡೋಣ. ಅದನ್ನು ರೈತನ ತಲೆಗೇ ಕಟ್ಟಬಾರದು, ಜಮೀನು ಬಿಟ್ಟವರಿಗೆ ಸರ್ಕಾರ ಪರಿಹಾರ ಕೊಡಬೇಕು. ಹೇಗೂ ಮಹಾಪೂರ ಬಂದರೆ ಮೊದಲು ಕೊಳೆಯುವುದು ಅಲ್ಲಿಯ ಕಬ್ಬೇ.