ಕೆಸರಿನ ವೇಗಕ್ಕೆ ಟ್ರ್ಯಾಕಿನ ಅಳತೆ

2020ರ ಫೆಬ್ರುವರಿ. ಐಕಳ ಕಂಬಳದಲ್ಲಿ ಮೂಡುಬಿದಿರೆ ಬಳಿಯ ಅಶ್ವತ್ಥಪುರದ ಶ್ರೀನಿವಾಸ ಗೌಡರು 142.5 ಮೀಟರ್ ಉದ್ದದ ಕರೆಯನ್ನು (ಕೆಸರಿನ ಓಟದ ಹಾದಿ) ಕೋಣಗಳ ಹಿಂದೆ 13.62 ಸೆಕೆಂಡಿನಲ್ಲಿ ಓಡಿ ಮುಗಿಸಿದರು. ಯಾರೋ ಭಾಗಾಕಾರ ಮಾಡಿದರು: ನೂರು ಮೀಟರಿಗೆ 9.55. ಉಸೇನ್ ಬೋಲ್ಟ್ ದಾಖಲೆ 9.58! ಕೇಂದ್ರ ಕ್ರೀಡಾ ಸಚಿವರೇ ಟ್ರಯಲ್ಸ್‌ಗೆ ಆಹ್ವಾನಿಸಿದರು. ಗೌಡರು ಒಪ್ಪಲಿಲ್ಲ. ಕಂಬಳದಲ್ಲಿ ಹಿಮ್ಮಡಿ, ಟ್ರ್ಯಾಕಿನಲ್ಲಿ ತುದಿಗಾಲು ಎಂದ ಅವರ ಮಾತು ಆ ಲೆಕ್ಕಕ್ಕಿಂತ ನಿಖರವಾಗಿತ್ತು.

ಕೋಣಗಳ ಎಳೆತವೂ ಆ ಅಂಕಿಯೊಳಗೇ ಇದೆ.

ಹಾಗೆಂದು ಪ್ರತಿಭೆ ಸುಳ್ಳಲ್ಲ. ಬಂಟ್ವಾಳದ ಹೊಕ್ಕಾಡಿಗೋಳಿ, ಬೆಳ್ತಂಗಡಿಯ ವೇಣೂರು ಕಂಬಳಗಳಿಗೆ ಕಾಲೇಜು ತರಬೇತುದಾರರು ಓಟಗಾರರನ್ನು ಹುಡುಕಿಕೊಂಡು ಬರಲೇಬೇಕು. ಮೂಡುಬಿದಿರೆಯ ಸ್ವರಾಜ್ಯ ಮೈದಾನದಲ್ಲಿ ಸಿಂಥೆಟಿಕ್ ಟ್ರ್ಯಾಕ್ ಇದೆ. ಹದಿಹರೆಯದ ಓಟಗಾರನಿಗೆ ಅಲ್ಲಿ ಸ್ಪೈಕ್ಸ್ ಕೊಟ್ಟು, ಬ್ಲಾಕ್‌ನಿಂದ ಚಿಮ್ಮುವುದನ್ನು ಕೆಲವು ತಿಂಗಳು ಕಲಿಸಲಿ. ಆಮೇಲೆ ಮೊದಲ 30 ಮೀಟರಿನ ಸಮಯವನ್ನು ವಾರವಾರ ಬರೆದಿಡಲಿ.