‘ಊರಲ್ಲೇ ಕೂತು ಬೆಂಗಳೂರಿನ ಬಾಡಿಗೆ ಎಣಿಸಿ’: ಈ ಫಾರ್ವರ್ಡ್‌ನ ಲೆಕ್ಕ ಎಷ್ಟು ನಿಜ?

ಸಾಗರ, ಹೊಸನಗರ, ತೀರ್ಥಹಳ್ಳಿಯವರ ಮೊಬೈಲಿಗೆ ಅಡಿಕೆ ಧಾರಣೆಯ ಜೊತೆ ಇಂಥ ಸಂದೇಶವೂ ಬರಬಹುದು: ಬೆಂಗಳೂರಿನಲ್ಲಿ ಸಿದ್ಧ ಫ್ಲ್ಯಾಟ್, ಬಾಡಿಗೆದಾರರನ್ನು ಹುಡುಕುವುದರಿಂದ ರಿಪೇರಿಯವರೆಗೆ ಎಲ್ಲ ಕಂಪನಿಯದ್ದೇ, ಎರಡು ವರ್ಷ ಬಾಡಿಗೆ ಗ್ಯಾರಂಟಿ. ಎಲೆಚುಕ್ಕೆ ರೋಗ ತೋಟದ ಮೇಲಿನ ಭರವಸೆಯನ್ನೇ ಅಲುಗಾಡಿಸಿರುವಾಗ ಇದು ಯಾರನ್ನಾದರೂ ಸೆಳೆಯುತ್ತದೆ. ನಾವು ಲೆಕ್ಕ ಹಾಕಿ ನೋಡೋಣ.

ಕೈಗೆ ಉಳಿಯುವುದೆಷ್ಟು?

ಉದಾಹರಣೆಗೆ, 60 ಲಕ್ಷದ ಫ್ಲ್ಯಾಟಿಗೆ ತಿಂಗಳಿಗೆ 20,000 ರೂಪಾಯಿ ಬಾಡಿಗೆ ಎಂದುಕೊಳ್ಳಿ. ವರ್ಷಕ್ಕೆ 2.40 ಲಕ್ಷ, ಅಂದರೆ ಶೇ 4. ಒಂದು ತಿಂಗಳು ಮನೆ ಖಾಲಿ ಬಿದ್ದರೆ 20,000, ಅಪಾರ್ಟ್‌ಮೆಂಟಿನ ಮೇಂಟೆನೆನ್ಸ್ 36,000, ಮನೆ ನೋಡಿಕೊಳ್ಳುವ ಕಂಪನಿಗೆ 16,000, ಆಸ್ತಿ ತೆರಿಗೆ ಮತ್ತು ರಿಪೇರಿಗೆ 18,000 ಕಳೆಯಿರಿ. ಉಳಿಯುವುದು 1.50 ಲಕ್ಷ, ಅಂದರೆ ಶೇ 2.5. ಬ್ಯಾಂಕ್ ಠೇವಣಿಯ ಬಡ್ಡಿಯೂ ಇದಕ್ಕಿಂತ ಹೆಚ್ಚು. ನೋಂದಣಿ ಖರ್ಚು, ಸಾಲದ ಬಡ್ಡಿಯನ್ನು ನಾವಿಲ್ಲಿ ಸೇರಿಸಿಲ್ಲ. ಮುಂದೆ ಫ್ಲ್ಯಾಟಿನ ಬೆಲೆ ಏರಬಹುದು, ಆದರೆ ಅದಕ್ಕೆ ಯಾರ ಗ್ಯಾರಂಟಿಯೂ ಇಲ್ಲ.

ಗ್ಯಾರಂಟಿ ಹಣ ಯಾರದು?

ಅದೇ ಫ್ಲ್ಯಾಟಿಗೆ ಎರಡು ವರ್ಷ ತಿಂಗಳಿಗೆ 40,000 ಕೊಡುತ್ತೇವೆ ಎಂದರೆ, ನಿಜವಾದ ಬಾಡಿಗೆಗಿಂತ ಒಟ್ಟು 4.80 ಲಕ್ಷ ಹೆಚ್ಚು ಬರುತ್ತದೆ. ಆದರೆ ಪಕ್ಕದ ಅಂಥದ್ದೇ ಫ್ಲ್ಯಾಟ್ 54 ಲಕ್ಷಕ್ಕೆ ಸಿಗುತ್ತಿದ್ದರೆ, ನೀವು ಮೊದಲೇ 6 ಲಕ್ಷ ಹೆಚ್ಚು ಕೊಟ್ಟಿದ್ದೀರಿ. ನಿಮ್ಮ ಹಣವೇ ಕಂತುಕಂತಾಗಿ ವಾಪಸ್ ಬಂದಂತಾಯಿತು. ಮೂರನೇ ವರ್ಷ ಬಾಡಿಗೆ 20,000ಕ್ಕೆ ಇಳಿಯುತ್ತದೆ.

ರೇರಾ ಸಂಖ್ಯೆ ಇದ್ದರೆ ಸಾಕೇ?

ಸಾಲದು. 2016ರ ರೇರಾ ಕಾಯ್ದೆಯಡಿ ಯೋಜನೆಯ ನೋಂದಣಿಯಾಗಿದೆ ಎಂದರೆ ಬಾಡಿಗೆ ಬರುತ್ತದೆ ಎಂದು ಸರ್ಕಾರ ಹೇಳಿದಂತಲ್ಲ. ಆದರೆ ಜಾಹೀರಾತಿನ ಸುಳ್ಳು ಮಾತು ನಂಬಿ ನಷ್ಟವಾದರೆ ಕಾಯ್ದೆಯ 12ನೇ ಸೆಕ್ಷನ್ ಪ್ರಕಾರ ಪರಿಹಾರ ಕೇಳಬಹುದು. ಹಾಗಾಗಿ ಆ ಸಂದೇಶ, ಬ್ರೋಷರ್‌ಗಳನ್ನು ಡಿಲೀಟ್ ಮಾಡಬೇಡಿ.

ಅಡ್ವಾನ್ಸ್ ಕೊಡುವ ಮುನ್ನ

• ಯೋಜನೆ ಮತ್ತು ಏಜೆಂಟ್, ಎರಡರ ನೋಂದಣಿಯನ್ನೂ ಕರ್ನಾಟಕ ರೇರಾ ವೆಬ್‌ಸೈಟ್‌ನಲ್ಲಿ ನೋಡಿ.
• ಇ-ಖಾತಾ, ಋಣಭಾರ ಪತ್ರ, ವಾಸಯೋಗ್ಯ ಪ್ರಮಾಣಪತ್ರಗಳನ್ನು ನಿಮ್ಮದೇ ವಕೀಲರಿಗೆ ತೋರಿಸಿ.
• ರಾತ್ರಿ ಬಸ್ಸು ಹತ್ತಿ ಹೋಗಿ, ಅದೇ ಕಟ್ಟಡದಲ್ಲಿರುವ ಬಾಡಿಗೆದಾರರನ್ನು ಬಾಡಿಗೆ ಎಷ್ಟೆಂದು ಕೇಳಿ.
• ಬಾಡಿಗೆ ಗ್ಯಾರಂಟಿ ಯಾರ ಸಹಿಯಲ್ಲಿದೆ, ತಪ್ಪಿದರೆ ಏನು ಎಂಬುದು ಒಪ್ಪಂದದಲ್ಲಿ ಇರಲಿ.

ನಮ್ಮ ತೀರ್ಮಾನ: ದೂರದ ಊರಲ್ಲಿ ಬಾಡಿಗೆ ಮನೆ ಕೊಳ್ಳುವುದು ತಪ್ಪಲ್ಲ, ಆದರೆ ‘ಕೂತಲ್ಲೇ ಖಚಿತ ಆದಾಯ’ ಎಂಬ ಮಾತು ದಾರಿ ತಪ್ಪಿಸುವಂಥದ್ದು. ಫಾರ್ವರ್ಡ್ ಮಾಡುವುದಿದ್ದರೆ ಈ ಲೆಕ್ಕವನ್ನೂ ಜೊತೆಗೆ ಕಳಿಸಿ.